ಚೀನಾದ ಆಲದ ಮರ ಮತ್ತು ಸುಮಾಳ ಬ್ಲೌಸ್ ಪೀಸು

ಖಾಲಿ ಸಮಯ ಕಂಡರೆ ನನಗೆ ಆಗುವುದಿಲ್ಲ. ಕೆಲವರಿಗೆ ಧೂಳು ಕಂಡರೆ ಸೀನು ಬರುತ್ತದಲ್ಲ, ಹಾಗೆ. ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿಕೊಂಡಾಗಲೂ ನಾಳೆ ದೋಸೆಗೆ ನೆನೆಹಾಕಬೇಕೋ ಇಡ್ಲಿಗೋ ಎಂದು ಯೋಚಿಸುತ್ತಿರುತ್ತೇನೆ. ಕುಕ್ಕರ್ ಕೂಗುವುದರೊಳಗೆ ಆಫೀಸಿನ ಇಮೇಲ್‌ಗೆ ಉತ್ತರ ಬರೆದು, ಒಗೆದ ಬಟ್ಟೆ ಮಡಚಿ, ತಂಗಿಗೆ ಫೋನು ಮಾಡಿ, ಅವಳು "ಹೇಗಿದ್ದೀಯೇ?" ಎನ್ನುವಷ್ಟರಲ್ಲಿ "ಸರಿ, ಇಡ್ತೀನಿ" ಎಂದು ಇಟ್ಟುಬಿಡುವವಳು ನಾನು. ನಮ್ಮ ಮನೆಯವರು ಇದನ್ನು ಕಾಯಿಲೆ ಎನ್ನುತ್ತಾರೆ. ಅವರು ಸೋಫಾದ ಮೇಲೆ ಕೂತು ಇಡೀ ಭಾನುವಾರ ಸೀಲಿಂಗ್ ನೋಡಬಲ್ಲ ಮಹಾನುಭಾವರು. ಅವರಿಗೆ ಯಾವ ಕಾಯಿಲೆಯೂ ಇಲ್ಲವಂತೆ.

ಇಂಥ ನನಗೆ ಚೀನಾದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕಾಯಬೇಕಾದ ಒಂದು ವಿಮಾನದ ಟಿಕೆಟ್ ಸಿಕ್ಕಿತು. ಲಾಸ್ ಏಂಜಲೀಸ್‌ನಿಂದ ಗ್ವಾಂಗ್‌ಝೌ, ಅಲ್ಲಿಂದ ದೆಹಲಿ, ಅಲ್ಲಿಂದ ಬೆಂಗಳೂರು. ಬೇರೆಯವರಾಗಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದರು. ನಾನು ಹಿಗ್ಗಿದೆ. ಒಂದು ದಿನದ ಮಟ್ಟಿಗೆ ವಿಮಾನ ನಿಲ್ದಾಣದಿಂದ ಹೊರಗೆ ಹೋಗಲು ಅಲ್ಲಿ ಬಿಡುತ್ತಾರೆಂದು ಗೊತ್ತಾದದ್ದೇ ತಡ, ಪುಕ್ಕಟೆಯಾಗಿ ಒಂದು ದೇಶವೇ ಸಿಕ್ಕಿತೆಂದು ಕುಣಿದುಬಿಟ್ಟೆ. ಬೆಳಿಗ್ಗೆ ಒಂದು ದೇವಸ್ಥಾನ, ಆಮೇಲೆ ಹಳೆಯ ಉದ್ಯಾನ, ಮಧ್ಯಾಹ್ನ ನದಿಯ ಮೇಲೆ ದೋಣಿ, ಸಂಜೆ ಎತ್ತರದ ಗೋಪುರ. ಉಸಿರಾಡಲು ಎಲ್ಲೂ ಬಿಡುವಿಲ್ಲದಂತೆ ಯೋಜನೆ ಹಾಕಿದೆ. ನಮ್ಮ ಮನೆಯವರು ಅದನ್ನು ಕೇಳಿ, "ಅಮ್ಮನ್ನ ಜೀವಸಹಿತ ಬೆಂಗಳೂರಿಗೆ ತಲುಪಿಸು, ಅಷ್ಟು ಸಾಕು" ಎಂದರು.

ಅಮ್ಮ ಎಂದರೆ ನನ್ನ ಅತ್ತೆ. ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆರು ತಿಂಗಳು ಇದ್ದು ಬೆಂಗಳೂರಿಗೆ ಹೊರಟಿದ್ದರು. ಅಲ್ಲಿ ಮಾವ ಇದ್ದಾರೆ. ವಾಕಿಂಗ್ ಗೆಳೆಯರನ್ನು ಬಿಟ್ಟು ಬರುವುದಿಲ್ಲ ಎಂದು ಅವರು ಒಮ್ಮೆಯೂ ವಿಮಾನ ಹತ್ತಿದವರಲ್ಲ. ಅತ್ತೆಗೆ ಎಪ್ಪತ್ತಾರು ವರ್ಷ, ಮಂಡಿ ಗಟ್ಟಿ, ನಾಲಿಗೆ ಇನ್ನೂ ಗಟ್ಟಿ. ಸ್ಯಾನ್ ಡಿಯಾಗೋದ ಸಮುದ್ರ, ಬಿಸಿಲು, ತಣ್ಣನೆಯ ಗಾಳಿ ಯಾವುದೂ ಅವರ ಮನಸ್ಸಿಗೆ ಹಿಡಿಸಲಿಲ್ಲ. "ಏನೇ ಇದು ನಿಮ್ಮೂರು? ಪಾರ್ಕು ಮಾಡಿದ್ದಾರೆ, ಬೆಂಚು ಹಾಕಿದ್ದಾರೆ, ಕೂತ್ಕೊಳೋಕೆ ಜನ ಇಡೋದು ಮರ್ತಿದ್ದಾರೆ" ಎನ್ನುತ್ತಿದ್ದರು. ಓಡುವವರು ಕಿವಿಗೆ ಏನೋ ಸಿಕ್ಕಿಸಿಕೊಂಡು ಓಡುತ್ತಿದ್ದರು. ನಾಯಿ ಹಿಡಿದವರು ನಾಯಿಯ ಜೊತೆ ಮಾತಾಡುತ್ತಿದ್ದರು. ಕೊನೆಕೊನೆಗೆ ಅತ್ತೆಯೂ ನಾಯಿಗಳನ್ನೇ "ಊಟ ಆಯ್ತೇನಪ್ಪಾ?" ಎಂದು ಮಾತಾಡಿಸತೊಡಗಿದ್ದರು.

ಆದರೂ ವಾರಾಂತ್ಯಗಳಲ್ಲಿ ಅವರಿಗೆ ಬಿಡುವಿರುತ್ತಿರಲಿಲ್ಲ. ನಮ್ಮ ಕಡೆಯ ಕನ್ನಡದವರು, ಒಬ್ಬರು ಹಿರಿಯ ಮುತ್ತೈದೆ ಊರಿನಿಂದ ಬಂದಿದ್ದಾರೆ ಎಂದರೆ ಸಾಕು, ಕರೆದು ಊಟ ಹಾಕಿ, ಅರಿಶಿನ ಕುಂಕುಮ ಕೊಟ್ಟು, ತಾಂಬೂಲದ ಜೊತೆ ಬ್ಲೌಸ್ ಪೀಸು ಇಟ್ಟು ಕಳಿಸುತ್ತಾರೆ. ಈ ಬ್ಲೌಸ್ ಪೀಸಿನ ಮಹಿಮೆ ಗೊತ್ತಿಲ್ಲದ ಕನ್ನಡತಿ ಇಲ್ಲ. ಅದನ್ನು ಯಾರೂ ಹೊಲಿಸುವುದಿಲ್ಲ. ಬಂದ ಮನೆಯಲ್ಲಿ ನಾಲ್ಕು ದಿನ ಬೀರುವಿನಲ್ಲಿ ವಿಶ್ರಾಂತಿ ಪಡೆದು ಮುಂದಿನ ಮನೆಗೆ ಹೊರಡುತ್ತದೆ. ನಾನು ಒಮ್ಮೆ ಗೌರಿ ಹಬ್ಬಕ್ಕೆ ಕೊಟ್ಟಿದ್ದ ಗಿಳಿಹಸಿರು ಪೀಸು, ಮೂಲೆಯಲ್ಲಿದ್ದ ಕಾಫಿ ಕಲೆಯ ಸಮೇತ, ಎಲ್ಲೆಲ್ಲೋ ಸುತ್ತಿ ಮೂರು ವರ್ಷದ ಮೇಲೆ ನನ್ನ ಮಡಿಲಿಗೇ ಬಂದು ಬಿದ್ದಿತ್ತು. ತವರಿಗೆ ಬಂದ ಮಗಳನ್ನು ಕಂಡಷ್ಟು ಸಂತೋಷವಾಗಿತ್ತು. ಆರು ತಿಂಗಳಲ್ಲಿ ಅತ್ತೆಯ ಬಳಿ ಇಂಥವು ಒಂದು ಕೈಚೀಲದ ತುಂಬ ಸೇರಿದವು. ಸೂಟ್‌ಕೇಸುಗಳಲ್ಲಿ ಬಾದಾಮಿ, ಚಾಕೊಲೇಟು, ಮಾವನ ವಿಟಮಿನ್ ಮಾತ್ರೆಗಳು ತುಂಬಿ ತೂಕ ಮಿತಿಗೆ ಬಂದಿದ್ದರಿಂದ ಆ ಚೀಲ ಕೈಯಲ್ಲೇ ಉಳಿಯಿತು. ಕೈಯಲ್ಲಿ ಎಂದರೆ ನನ್ನ ಕೈಯಲ್ಲಿ.

ವಿಮಾನ ನಿಲ್ದಾಣಕ್ಕೆ ಹೊರಟ ದಿನ ವಾಲ್‌ನಟ್ ಎಂಬ ಊರಿನಲ್ಲಿರುವ ಗೆಳತಿ ಸುಮಾ, "ದಾರೀಲೇ ಅಲ್ವೇನೇ ನಮ್ಮನೆ, ಊಟ ಮಾಡ್ಕೊಂಡು ಹೋಗಿ" ಎಂದಳು. ಸ್ಯಾನ್ ಡಿಯಾಗೋದಿಂದ ಲಾಸ್ ಏಂಜಲೀಸ್ ವಿಮಾನ ನಿಲ್ದಾಣಕ್ಕೆ ಹೋಗುವವರಿಗೆ ವಾಲ್‌ನಟ್ ದಾರಿಯಲ್ಲೇ ಎನ್ನುವುದು, ಬೆಂಗಳೂರಿನಿಂದ ಮೈಸೂರಿಗೆ ಹೊರಟವರಿಗೆ ಕೋಲಾರ ದಾರಿಯಲ್ಲೇ ಎಂದ ಹಾಗೆ. ಆದರೂ ಹೋದೆವು. ಅವಳು ಬಿಸಿಬೇಳೆ ಬಾತ್ ಮಾಡುತ್ತೇನೆಂದರೆ ನಾನು ಕೋಲಾರವೇನು, ಬೀದರಿಗೂ ಹೋದೇನು. ಊಟವಾದ ಮೇಲೆ ಸುಮಾ ಒಳಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದು, ಎರಡೂ ಕೈಯಿಂದ ನನಗೆ ಕೊಟ್ಟಳು. ಮಗಳ ಮದುವೆಗೆ ತಾನು ಉಡಲಿರುವ ರೇಷ್ಮೆ ಸೀರೆಯ ಬ್ಲೌಸ್ ಪೀಸು. ಸೀರೆಯ ಜೊತೆಗೇ ನೇಯ್ದದ್ದು, ಕುಂಕುಮದ ಬಣ್ಣ, ಹಸಿರು ಅಂಚು, ಅಪ್ಪಟ ಜರಿ. ಅದನ್ನು ಬೆಂಗಳೂರಿನ ಅವಳ ಟೈಲರ್‌ಗೆ ಕೊಟ್ಟು ಹೊಲಿಸಿ ತರಬೇಕು.

"ಇಲ್ಲಿ ಹೊಲಿಸಿದ್ದು ಒಂದೂ ನನ್ನ ಮೈಗೆ ಕೂರಲ್ಲ ಕಣೇ. ಕೊರಿಯರ್ ಮಾಡೋಕೆ ಧೈರ್ಯ ಇಲ್ಲ. ಇದೊಂದು ಕಳೆದುಹೋದ್ರೆ ಇನ್ನೊಂದು ಸಿಗಲ್ಲ. ನಿನ್ನ ಕೈಲಿದ್ರೆ ನನಗೆ ನಿಶ್ಚಿಂತೆ" ಎಂದಳು ಸುಮಾ. ಆಮೇಲೆ ಅತ್ತೆಯನ್ನು ಕೂರಿಸಿ, "ಆಂಟಿ, ಕುಂಕುಮ ತಗೊಳ್ಳಿ" ಎಂದು ತಾಂಬೂಲ ಕೊಟ್ಟಳು. ಅದರ ಬ್ಲೌಸ್ ಪೀಸೂ ಒಂದು ಪ್ಲಾಸ್ಟಿಕ್ ಕವರಿನಲ್ಲಿತ್ತು. ಎರಡೂ ಕವರ್ ಅಲ್ಲೇ ಹತ್ತಿರದ ಆರ್ಟೀಸಿಯಾ ಪೇಟೆಯ ಒಂದೇ ಸೀರೆ ಅಂಗಡಿಯವು. ನನ್ನ ಬ್ಯಾಗಿನಲ್ಲಿ ಕುತ್ತಿಗೆ ದಿಂಬು, ಛತ್ರಿ, ಪುಳಿಯೋಗರೆ ಡಬ್ಬಿ ತುಂಬಿಕೊಂಡು ಜಾಗವೇ ಇರಲಿಲ್ಲ. ಸಮಯ ಉಳಿಸಲೆಂದು ಎರಡೂ ಕವರುಗಳನ್ನು ಅತ್ತೆಯ ಚೀಲಕ್ಕೆ ತುರುಕಿದೆ. ಸಮಯ ಉಳಿಸಿದ ಸುಖ ಏನೆಂದು ಆಮೇಲೆ ತಿಳಿಯಿತು.

ಗ್ವಾಂಗ್‌ಝೌನಲ್ಲಿ ಇಳಿದಾಗ ಬೆಳಗಾಗಿತ್ತು. ಚೀಲವನ್ನು ನಿಲ್ದಾಣದಲ್ಲೇ ಇಟ್ಟು ಹೋಗೋಣವೆಂದರೆ ಅತ್ತೆ ಒಪ್ಪಲಿಲ್ಲ. "ನನ್ನ ಕುಂಕುಮದ ಬಟ್ಟಲಿದೆ ಅದ್ರಲ್ಲಿ. ಗುರುತು ಪರಿಚಯ ಇಲ್ದೋರ ಹತ್ರ ಬಿಟ್ಟು ಬರ್ಲಾ?" ಎಂದರು. ಸರಿ, ಹೆಗಲಿಗೆ ಹಾಕಿಕೊಂಡು ಮೆಟ್ರೋ ಹತ್ತಿದೆ. ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಒಂದು ಪಾರ್ಕು ಸಿಕ್ಕಿತು. ಒಳಗೆ ದೊಡ್ಡ ದೊಡ್ಡ ಆಲದ ಮರಗಳು, ಬಿಳಲು ಬಿಟ್ಟುಕೊಂಡು ನಿಂತಿದ್ದವು. ಅವುಗಳ ಕೆಳಗೆ ಜನವೋ ಜನ. ಒಂದು ಕಡೆ ಇಸ್ಪೀಟು, ಇನ್ನೊಂದು ಕಡೆ ಹಾಡು, ಮಧ್ಯದಲ್ಲಿ ಒಂದು ಪೆಟ್ಟಿಗೆಯಂಥ ಸ್ಪೀಕರ್ ಇಟ್ಟುಕೊಂಡು ಇಪ್ಪತ್ತಕ್ಕೂ ಹೆಚ್ಚು ಹೆಂಗಸರು, ಎಲ್ಲರೂ ಅತ್ತೆಯ ಆಸುಪಾಸಿನ ವಯಸ್ಸಿನವರು, ಸಾಲಾಗಿ ನಿಂತು ಕುಣಿಯುತ್ತಿದ್ದರು.

ಅತ್ತೆ ಗಕ್ಕನೆ ನಿಂತರು. "ಅಯ್ಯೋ, ಇಲ್ಲಿದ್ದಾರಲ್ಲೇ ಜನ ಎಲ್ಲ!" ಎಂದರು. ಆರು ತಿಂಗಳಿಂದ ಹುಡುಕುತ್ತಿದ್ದವರು ಈಗ ಸಿಕ್ಕ ಹಾಗಿತ್ತು ಆ ದನಿ. ಹೋಗಿ ಕಲ್ಲು ಬೆಂಚಿನ ಮೇಲೆ ಕೂತೇಬಿಟ್ಟರು. "ಅತ್ತೆ, ದೇವಸ್ಥಾನ ನೋಡ್ಬೇಕು, ಆಮೇಲೆ ದೋಣಿ..." ಎಂದೆ. "ನೀನು ಹೋಗಿ ನೋಡ್ಕೊಂಡು ಬಾ, ನಾನು ಇಲ್ಲಿರ್ತೀನಿ" ಎಂದರು. ಭಾಷೆ ಬಾರದ ಊರಿನಲ್ಲಿ ಅತ್ತೆಯನ್ನು ಬೆಂಚಿನ ಮೇಲೆ ಬಿಟ್ಟು ದೋಣಿವಿಹಾರ ಮಾಡಿದ ಸೊಸೆ ಎಂದು ಹೆಸರು ತೆಗೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ಮುಖ ಊದಿಸಿಕೊಂಡು ಪಕ್ಕದಲ್ಲಿ ಕೂತೆ.

ಕುಣಿತಕ್ಕೆ ಬಿಡುವು ಬಂದಾಗ ಅವರ ಮುಂದಾಳು ಬಂದು ಅತ್ತೆಯ ಸೀರೆ ಮುಟ್ಟಿ ಏನೋ ಕೇಳಿದಳು. ದುಂಡು ಮುಖ, ಗುಂಗುರು ಕೂದಲು, ಗಟ್ಟಿ ನಗು. "ಥೇಟ್ ನಮ್ಮ ಪಕ್ಕದ್ಮನೆ ಸರೋಜಮ್ಮ!" ಎಂದರು ಅತ್ತೆ. ಅವತ್ತಿಡೀ ಆಕೆ ಸರೋಜಮ್ಮನೇ ಆದಳು. ಅತ್ತೆ ಅಪ್ಪಟ ಕನ್ನಡದಲ್ಲಿ ತಮ್ಮ ಗಟ್ಟಿ ಮಂಡಿ, ಮಗ, ವಿಮಾನದ ಉಪ್ಪಿಲ್ಲದ ಊಟ ಎಲ್ಲವನ್ನೂ ಹೇಳಿದರು. ಸರೋಜಮ್ಮ ತನ್ನ ಭಾಷೆಯಲ್ಲಿ ಸೊಂಟ ಮುಟ್ಟಿಕೊಂಡು ಏನೋ ಹೇಳಿದಳು. ಇಬ್ಬರೂ "ಹೂಂ ಹೂಂ" ಎಂದು ತಲೆಯಾಡಿಸಿದರು. ನಾನು ಅನುವಾದ ಮಾಡುವ ಆ್ಯಪ್ ತೆರೆದೆ. ಅದು ಅಲ್ಲಿ ಕೆಲಸ ಮಾಡಲಿಲ್ಲ. ಫೋನುಗಳು ಟವರಿನ ಜೊತೆ ಸರಿಯಾಗಿ ಮಾತಾಡುತ್ತವೆಯೇ ಎಂದು ಪರೀಕ್ಷಿಸಿ ಸಂಬಳ ತೆಗೆದುಕೊಳ್ಳುವವಳು ನಾನು. ಆ ಪಾರ್ಕಿನಲ್ಲಿ ಯಾರ ಜೊತೆಗೂ ಸಂಪರ್ಕ ಸಿಗದವಳು ನಾನೊಬ್ಬಳೇ.

ನಾನು ಶೌಚಾಲಯ ಹುಡುಕಿಕೊಂಡು ಹೋಗಿ ಬರುವಷ್ಟರಲ್ಲಿ ಅತ್ತೆ ಕುಂಕುಮದ ಬಟ್ಟಲು ತೆರೆದಿದ್ದರು. ಒಬ್ಬೊಬ್ಬರನ್ನೇ ಕರೆದು, ಹಣೆಗೆ ಕುಂಕುಮವಿಟ್ಟು, ಚೀಲದಿಂದ ಒಂದೊಂದು ಬ್ಲೌಸ್ ಪೀಸು ತೆಗೆದು ಎರಡೂ ಕೈಯಿಂದ ಕೊಡುತ್ತಿದ್ದರು. "ಇನ್ನೇನು ಮತ್ತೆ, ಬೆಂಗಳೂರಿಗೆ ಹೊತ್ಕೊಂಡು ಹೋಗಿ ಯಾರಿಗೆ ಕೊಡ್ಲಿ? ಅಲ್ಲಿ ಎಲ್ಲರ ಮನೇಲೂ ರಾಶಿ ಇದೆ" ಎಂದರು. ನನಗೂ ಹೆಗಲು ಹಗುರಾಗುವ ಸಂತೋಷ. ಹೆಂಗಸರು ಬ್ಲೌಸ್ ಪೀಸುಗಳನ್ನು ಕೊರಳಿಗೆ ಸುತ್ತಿಕೊಂಡು ಮತ್ತೆ ಕುಣಿಯಲು ನಿಂತರು. ಚೆನ್ನಾಗಿ ಕಾಣುತ್ತಿತ್ತು. ಮನೆಯವರಿಗೆ ತೋರಿಸೋಣವೆಂದು ವಿಡಿಯೋ ಮಾಡತೊಡಗಿದೆ. ಗಿಳಿಹಸಿರು, ಗುಲಾಬಿ, ನೀಲಿ, ಹಳದಿ... ಮುಂದಿನ ಸಾಲಿನಲ್ಲಿ ಸರೋಜಮ್ಮ ಕೈ ಎತ್ತಿ ತಿರುಗಿದಳು. ಅವಳ ಕೊರಳಲ್ಲಿ ಕುಂಕುಮದ ಬಣ್ಣ, ಹಸಿರು ಅಂಚು. ಬೆಳಗಿನ ಬಿಸಿಲಿಗೆ ಜರಿ ಫಳಫಳ ಎಂದಿತು.

ವಿಡಿಯೋ ನಿಲ್ಲಿಸಿ ಅತ್ತೆಯ ಕಡೆ ಓಡಿದೆ. "ಅತ್ತೆ! ಅದು ಸುಮಾಂದು! ಹೊಲಿಸೋಕೆ ಕೊಟ್ಟಿದ್ದು!" ಎಂದೆ.

"ಸುಮಾನೇ ಕೊಟ್ಟಿದ್ದಲ್ವಾ ನನಗೆ? ಒಳ್ಳೇ ಪೀಸು, ಅದಕ್ಕೇ ಸರೋಜಮ್ಮಂಗೆ ಕೊಟ್ಟೆ" ಎಂದರು. ವಿಷಯ ಬಿಡಿಸಿ ಹೇಳಿದೆ. ಅತ್ತೆಯ ಮುಖವೂ ಬಿಳಿಚಿತು. ಆದರೆ ವಾಪಸ್ ಕೇಳೋಣವೆಂದಾಗ ಮಾತ್ರ ಜಗ್ಗಲಿಲ್ಲ. "ಕುಂಕುಮ ಇಟ್ಟು ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನೇ ಯಾರಾದ್ರೂ? ಶಾಂತಂ ಪಾಪಂ! ಮದುವೆ ಮನೆ ವಿಷಯ ಬೇರೆ. ಅವಳ ಮನಸ್ಸು ನೊಂದ್ರೆ ಸುಮಾ ಮಗಳಿಗೆ ಒಳ್ಳೇದಾಗುತ್ತಾ?"

ಅತ್ತೆ ಕೇಳದಿದ್ದರೇನು, ನಾನು ಬದಲು ಕೊಟ್ಟು ತೆಗೆದುಕೊಳ್ಳುತ್ತೇನೆ ಎಂದುಕೊಂಡೆ. ಕುಣಿತ ನಿಂತಾಗ ಹೋಗಿ ನನ್ನ ತಂಪು ಕನ್ನಡಕ ತೆಗೆದು ಚಾಚಿ, ಅವಳ ಕೊರಳಿನ ಬಟ್ಟೆ ತೋರಿಸಿದೆ. ಸರೋಜಮ್ಮ ಕನ್ನಡಕ ಹಾಕಿಕೊಂಡು, ಎಲ್ಲರಿಗೂ ತೋರಿಸಿ ನಕ್ಕು, ನನ್ನ ಕೈಗೆ ಎರಡು ಕಿತ್ತಳೆ ಹಣ್ಣು ಇಟ್ಟಳು. ಕುತ್ತಿಗೆ ದಿಂಬು ಕೊಟ್ಟೆ. ಬೀಸಣಿಗೆ ಬಂತು. ಛತ್ರಿ ಕೊಟ್ಟೆ. ಬೇಯಿಸಿದ ಕಡಲೆಕಾಯಿ ಬಂತು. ಕೊನೆಗೆ ಲಜ್ಜೆ ಬಿಟ್ಟು, ನನ್ನ ಕೊರಳನ್ನೇ ಹಿಡಿದುಕೊಂಡು, ಅದು, ಅದು ನನಗೆ ಬೇಕು ಎಂದು ಅಭಿನಯಿಸಿದೆ. ಸರೋಜಮ್ಮನ ಕಣ್ಣಲ್ಲಿ ಕರುಣೆ ಉಕ್ಕಿತು. ಗಂಟಲು ನೋವೆಂದು ತಿಳಿದು ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಕುಡಿಸಿದಳು. ಅಷ್ಟರಲ್ಲಿ ಹೆಂಗಸರು ಸ್ಪೀಕರಿನ ಹಾಡು ನಿಲ್ಲಿಸಿ, ಚಪ್ಪಾಳೆ ತಟ್ಟಿ, ಚೀಲಗಳನ್ನು ಎತ್ತಿಕೊಳ್ಳತೊಡಗಿದರು. ಇನ್ನೇನು ಮನೆಗೆ ಹೊರಡುತ್ತಾರೆ.

ನನಗೆ ಅಳು ಬಂತು. ಸುಮಾ ಎರಡೂ ಕೈಯಿಂದ ಕೊಟ್ಟದ್ದು, "ನಿನ್ನ ಕೈಲಿದ್ರೆ ನಿಶ್ಚಿಂತೆ" ಎಂದದ್ದು ಎಲ್ಲ ನೆನಪಾಗಿ ಆಲದ ಮರದ ಕೆಳಗೆ ನಿಂತು ಮೂಗು ಒರೆಸಿಕೊಂಡೆ. ಅತ್ತೆ ನೋಡಿದರು. "ಅಳ್ಬೇಡ ಸುಮ್ನಿರು. ಕೇಳೋ ಹಾಗಿಲ್ಲ. ಆದ್ರೆ ಅವರಾಗಿ ಕೊಟ್ರೆ ತಗೋಬಹುದು" ಎಂದರು. ಎದ್ದು ಹೋಗಿ ಸರೋಜಮ್ಮನ ಕೈಗೆ ಕುಂಕುಮದ ಬಟ್ಟಲು ಕೊಟ್ಟು, ನನ್ನ ಹಣೆ ತೋರಿಸಿದರು. ಕುಂಕುಮ ಇಟ್ಟವರಿಗೂ ಅವರ ಜೊತೆಯವರಿಗೂ ಇಡಿಸಿಕೊಂಡವರು ತಿರುಗಿ ಇಡುವುದು ನಮ್ಮಲ್ಲಿ ಇದ್ದದ್ದೇ. ಅಷ್ಟನ್ನೇ ಅತ್ತೆ ಕಲಿಸಿದ್ದು.

ಆದರೆ ಸರೋಜಮ್ಮ ಬೆಳಗಿನಿಂದ ಕಣ್ಣಾರೆ ನೋಡಿದ್ದಳಲ್ಲ. ಮೊದಲು ಹಣೆಗೆ ಕೆಂಪು, ಆಮೇಲೆ ಬಟ್ಟೆ, ಅದೂ ಎರಡು ಕೈಯಿಂದ, ತಲೆ ಬಾಗಿಸಿ. ಅವಳ ಮಟ್ಟಿಗೆ ಇದು ಇಡಿಯಾಗಿ ಒಂದೇ ಶಾಸ್ತ್ರ. ನನ್ನ ಹಣೆಗೆ ಬೆರಳಗಲ ಕುಂಕುಮ ಒತ್ತಿದಳು. ಕೊರಳಿನಿಂದ ಬಟ್ಟೆ ಬಿಚ್ಚಿದಳು. ಒಂದು ಗಳಿಗೆ ಜರಿಯ ಮೇಲೆ ಬೆರಳಾಡಿಸಿದಳು. ನಾಲ್ಕು ಮಡಿಕೆ ಮಾಡಿ, ಎರಡೂ ಕೈಯಿಂದ ನನಗೆ ಕೊಟ್ಟಳು.

ಹೋದ ಜೀವ ಬಂತು. ಜೊತೆಗೆ ನಾಚಿಕೆಯೂ ಬಂತು. ಆ ಬಟ್ಟೆ ಅವಳಿಗೆ ಎಷ್ಟು ಇಷ್ಟವಾಗಿತ್ತೆಂದು ಬೆರಳೇ ಹೇಳಿತ್ತು. ಫೋಟೋದಲ್ಲಿ ಚೆನ್ನಾಗಿ ಕಾಣಲೆಂದು ನಾನು ಹೊದ್ದು ಬಂದಿದ್ದ ಹೊಸ ರೇಷ್ಮೆ ದುಪಟ್ಟಾ ತೆಗೆದು, ಅವಳ ಹಣೆಗೆ ಇನ್ನೊಮ್ಮೆ ಕುಂಕುಮವಿಟ್ಟು, ಅವಳ ಕೊರಳಿಗೆ ಹಾಕಿದೆ. ಈ ಸಲ ಬದಲು ಏನನ್ನೂ ಬಯಸಿರಲಿಲ್ಲ. ಅವಳು ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡಳು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಂದಾಳು ಮಾಡಿದ್ದನ್ನೇ ಮಾಡಿ ಅಭ್ಯಾಸವಾದ ತಂಡ ಅದು. ಮಿಕ್ಕ ಹೆಂಗಸರೆಲ್ಲ ಸಾಲು ನಿಂತರು. ಒಬ್ಬೊಬ್ಬರೂ ನನ್ನ ಹಣೆಗೆ ಕುಂಕುಮ ಒತ್ತಿ, ತಮ್ಮ ತಮ್ಮ ಬ್ಲೌಸ್ ಪೀಸು ಬಿಚ್ಚಿ ನನ್ನ ಮಡಿಲಿಗೆ ಹಾಕಿದರು. ಹಣೆಯಿಂದ ಮೂಗಿನವರೆಗೆ ಕೆಂಪಾಯಿತು, ಚೀಲ ಮೊದಲಿನಷ್ಟೇ ಭಾರವಾಯಿತು. "ಅಯ್ಯೋ, ಕೊಟ್ಟಿದ್ದು ವಾಪಸ್ ಬರ್ಬಾರ್ದು" ಎಂದು ಅತ್ತೆ ಮತ್ತೆ ಎಲ್ಲರಿಗೂ ಹಂಚಿದರು. ಅವರು ಮತ್ತೆ ಸಾಲು ನಿಂತರು! ಮೂರನೇ ಸುತ್ತಿಗೆ ನಾನು ಕೈಮುಗಿದೆ. ಕೊನೆಗೆ ಅತ್ತೆ ತಾವೇ ಒಬ್ಬೊಬ್ಬರ ಕೊರಳಿಗೆ ಪೀಸು ಸುತ್ತಿ, ಬಿಚ್ಚಲಾಗದ ಹಾಗೆ ಗಂಟು ಬಿಗಿದರು. ಆಗ ವ್ಯವಹಾರ ನಿಂತಿತು.

ಪುಳಿಯೋಗರೆ ಡಬ್ಬಿ ತೆರೆದೆವು. ಸರೋಜಮ್ಮ ಮೂಸಿ ನೋಡಿ, ಒಂದು ತುತ್ತು ತಿಂದು, ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದು ತುತ್ತಿಗೆ ಕೈ ಚಾಚಿದಳು. ಆಮೇಲೆ ಅವಳೂ ಅತ್ತೆಯೂ ಹರಟೆಗೆ ಕೂತರು. ನಾನು ಸುಮಾಳ ಬ್ಲೌಸ್ ಪೀಸನ್ನು ಕುರ್ತಾದ ಒಳಗಿಟ್ಟುಕೊಂಡು, ಚೀಲಕ್ಕೆ ತಲೆ ಕೊಟ್ಟು ಬೆಂಚಿನ ಮೇಲೆ ಕಾಲು ಚಾಚಿದೆ. ಎಲೆಗಳ ಸಂದಿಯಿಂದ ಬಿಸಿಲು ಬೀಳುತ್ತಿತ್ತು. ನೆನೆಹಾಕುವುದು ಏನೂ ಇರಲಿಲ್ಲ. ಹಾಗೇ ನಿದ್ದೆ ಬಂತು. ಸಂಜೆ ಅತ್ತೆ ಎಬ್ಬಿಸಿದಾಗ ದೇವಸ್ಥಾನ, ಉದ್ಯಾನ, ದೋಣಿ, ಗೋಪುರ ಯಾವುದನ್ನೂ ನೋಡಿರಲಿಲ್ಲ. ನಿಜ ಹೇಳುತ್ತೇನೆ, ಅಷ್ಟು ಸುಖವಾದ ನಿದ್ದೆ ನನಗೆ ಬಹಳ ವರ್ಷಗಳಿಂದ ಬಂದಿರಲಿಲ್ಲ.

ಬೆಂಗಳೂರಿನಲ್ಲಿ ಟೈಲರ್ ಬಟ್ಟೆ ಬಿಡಿಸಿ ನೋಡಿ, "ಮೇಡಂ, ಹಸಿರು ಅಂಚಿನ ಮೂಲೇಲಿ ಕುಂಕುಮದ ಕಲೆ ಇದೆ, ಹೋಗಲ್ಲ. ಒಳಗಡೆ ಬರೋ ಹಾಗೆ ಹೊಲಿದುಬಿಡ್ತೀನಿ" ಎಂದ. ಹಾಗೇ ಹೊಲಿದ. ಎರಡು ವಾರದ ಮೇಲೆ ವಾಲ್‌ನಟ್‌ನಲ್ಲಿ ಸುಮಾ ಬ್ಲೌಸು ತೊಟ್ಟು ನೋಡಿದಳು. ಅಳತೆ ಹೇಳಿ ಮಾಡಿಸಿದಂತಿತ್ತು. ಬಿಚ್ಚುವಾಗ ಒಳಗಿನ ಕಲೆ ಅವಳ ಕಣ್ಣಿಗೆ ಬಿತ್ತು.

"ಏನೇ ಇದು, ಕುಂಕುಮ?" ಎಂದಳು. ನಾನು, "ಅದು ಅತ್ತೆ... ಒಂದು ಹಳೇ ಆಲದ ಮರದ ಕೆಳಗೆ... ತುಂಬಾ ಜನ ಹೆಂಗಸರು ಸೇರಿದ್ರು, ಎಲ್ಲರಿಗೂ ಕುಂಕುಮ ಕೊಟ್ಟು..." ಎಂದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಮುಂದಿನದನ್ನು ಹೇಳಬೇಕೆಂದೇ ಇದ್ದೆ. ಸುಮಾಳ ಕಣ್ಣು ತುಂಬಿಬಿಟ್ಟಿತು. "ಪೂಜೆಗಿಟ್ಟು ತಂದ್ರಾ? ನನ್ನ ಮಗಳ ಮದುವೆ ಅಂತ ಅಷ್ಟು ಮಾಡಿದ್ರಾ ಆಂಟಿ?" ಎಂದು ನನ್ನನ್ನು ತಬ್ಬಿಕೊಂಡಳು. ತಬ್ಬಿಕೊಂಡವಳ ಹೆಗಲಿನ ಮೇಲೆ ಬಾಯಿಟ್ಟುಕೊಂಡು ಮುಂದಿನದನ್ನು ಹೇಳುವುದು ಹೇಗೆ? ಮದುವೆಯಲ್ಲಿ ಬಂದವರಿಗೆಲ್ಲ ಅವಳು ಆ ಕಥೆ ಹೇಳಿದಳು. ಅವಳ ಮಗಳು ಚೆನ್ನಾಗಿದ್ದಾಳೆ, ಅಳಿಯ ಬಂಗಾರದಂಥವನು. ಎಲ್ಲ ಆ ಕುಂಕುಮದ ಮಹಿಮೆ ಎಂದು ಸುಮಾ ಈಗಲೂ ನಂಬಿದ್ದಾಳೆ.

ಮೊನ್ನೆ ಅತ್ತೆಗೆ ಫೋನು ಮಾಡಿ, ಈ ವರ್ಷ ಬಂದು ಮತ್ತೆ ಆರು ತಿಂಗಳು ಇದ್ದು ಹೋಗಿ ಎಂದೆ. "ನಿಮ್ಮೂರಲ್ಲಿ ಹದಿನೈದು ದಿನ ಸಾಕು ಕಣೇ. ಮಧ್ಯೆ ಚೀನಾದಲ್ಲಿ ಜಾಸ್ತಿ ಹೊತ್ತು ಇರೋ ಟಿಕೆಟ್ ನೋಡು" ಎಂದರು. ನಮ್ಮ ಮನೆಯೇ ಈಗ ದಾರಿಯ ನಿಲ್ದಾಣವಾಯಿತು. ಜೊತೆಗೆ, ಮದುವೆ ನಿಶ್ಚಯವಾದ ಮನೆಗಳಿಂದ ಹೆಂಗಸರು ಬಂದು, ನೀವು ಊರಿಗೆ ಹೋದಾಗ ಆ ಮರದ ಕೆಳಗೇ ಇಟ್ಟು ತರಬೇಕು ಎಂದು ತಮ್ಮ ರೇಷ್ಮೆ ಬ್ಲೌಸ್ ಪೀಸುಗಳನ್ನು ಎರಡೂ ಕೈಯಿಂದ ನನಗೆ ಕೊಟ್ಟು ಹೋಗುತ್ತಿದ್ದಾರೆ. ಬೀರುವಿನ ಒಂದು ಖಾನೆ ತುಂಬಿದೆ. ಏನು ಮಾಡಲಿ ಅತ್ತೆ ಎಂದು ಕೇಳಿದೆ.

"ಏನಿದೆ ಮಾಡೋಕೆ? ಎಲ್ಲ ತಗೊಂಡು ಬಾ. ಸರೋಜಮ್ಮಂಗೆ ಕುಂಕುಮ ಇಟ್ಟು ಕೊಟ್ರೆ ವಾಪಸ್ ಕೊಡ್ತಾಳೆ, ಅವಳಿಗೆ ಶಾಸ್ತ್ರ ಗೊತ್ತು" ಎಂದರು ಅತ್ತೆ. ಫೋನು ಇಡುವ ಮೊದಲು, "ಆದ್ರೆ ಒಂದೊಂದು ಪೀಸಿಗೂ ನಿಂದೊಂದು ದುಪಟ್ಟಾ ರೆಡಿ ಇಟ್ಕೋ" ಎಂದರು.